ಶಿಕ್ಷಕರು ಶಾಲೆಯಲ್ಲಿ ಉಳಿಯುವ ಬಗೆ: ನಾಯಕತ್ವ ಮತ್ತು ಕಾರ್ಯವಾತಾವರಣ

ಸರ್ಕಾರಿ ಶಾಲೆಗಳಲ್ಲಿನ ಶಿಕ್ಷಕರ ಕೊರತೆಯನ್ನು ಕುರಿತ ಚರ್ಚೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ನೇಮಕಾತಿ ಮತ್ತು ವರ್ಗಾವಣೆಗಳ ಸುತ್ತಲೇ ನಡೆಯುತ್ತದೆ. ಖಾಲಿ ಹುದ್ದೆಗಳನ್ನು ತುಂಬಿ, ಬಂದವರನ್ನು ನಿಯಮದ ಮೂಲಕ ಹಿಡಿದು ನಿಲ್ಲಿಸಿದರೆ ಸಾಕೆಂಬುದು ಇದರ ಹಿಂದಿನ ಗ್ರಹಿಕೆ. ಶಿಕ್ಷಕರ ಉಳಿಯುವಿಕೆಗೂ ಶಾಲೆಯ ಒಳಗಿನ ಬದುಕಿಗೂ ಇರುವ ಸಂಬಂಧ ಇಲ್ಲಿ ಮರೆಯಾಗುತ್ತದೆ. ಆ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಅಮೆರಿಕದ ಎರಡು ಅಧ್ಯಯನಗಳು ಗಮನಾರ್ಹವಾಗಿವೆ. ಶಿಕ್ಷಕರ ಕೊರತೆಗೆ ಅರ್ಹರ ಅಭಾವಕ್ಕಿಂತ ಇದ್ದವರು ಬಿಟ್ಟು ಹೋಗುವುದೇ ಮುಖ್ಯ ಕಾರಣವೆಂದು ರಿಚರ್ಡ್ ಇಂಗರ್‌ಸಾಲ್ 2001ರಲ್ಲಿ ವಾದಿಸಿದರು. ಕಡಿಮೆ ಸಂಬಳದ ಜೊತೆಗೆ ಆಡಳಿತದ ಬೆಂಬಲ ದೊರೆಯದಿರುವುದು, ವಿದ್ಯಾರ್ಥಿಗಳ ಅಶಿಸ್ತು, ಶಾಲೆಯ ನಿರ್ಧಾರಗಳಲ್ಲಿ ಶಿಕ್ಷಕರಿಗೆ ಪಾಲಿಲ್ಲದಿರುವುದು ಅವರು ಗುರುತಿಸಿದ ಕಾರಣಗಳು. ನ್ಯೂಯಾರ್ಕ್ ನಗರದ ಮೊದಲ ವರ್ಷದ ಶಿಕ್ಷಕರನ್ನು ಕುರಿತು ಬಾಯ್ಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಕಾರ್ಯವಾತಾವರಣದ ವಿವಿಧ ಅಂಶಗಳ ಪೈಕಿ ಶಾಲಾ ಆಡಳಿತವೇ ಉಳಿಯುವ ನಿರ್ಧಾರದ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆಂದು ತೋರಿಸಿತು.

ಈ ತೀರ್ಮಾನಗಳನ್ನು ಕರ್ನಾಟಕಕ್ಕೆ ನೇರವಾಗಿ ಅನ್ವಯಿಸಲಾಗದು. ಇಲ್ಲಿ ಕಾಯಂ ಶಿಕ್ಷಕರು ಬಿಡಬಯಸುವುದು ಬಹುಮಟ್ಟಿಗೆ ಶಾಲೆಯನ್ನು, ನೌಕರಿಯನ್ನಲ್ಲ. 2007ರ ಮತ್ತು 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆಗಳು ಈ ಚಲನೆಗೆ ಕ್ರಮವನ್ನು ಒದಗಿಸಿದವು. ಆದರೆ ಕಾಯಿದೆಯು ಹುದ್ದೆಯಲ್ಲಿರುವ ವ್ಯಕ್ತಿಯನ್ನು ಹಿಡಿದಿಡಬಲ್ಲದೇ ಹೊರತು ಆತನ ಆಸಕ್ತಿಯನ್ನಲ್ಲ. ವರ್ಗಾವಣೆಗಾಗಿ ದಿನ ಎಣಿಸುತ್ತಿರುವ ಶಿಕ್ಷಕ ಹಾಜರಿ ಪುಸ್ತಕದ ಮಟ್ಟಿಗೆ ಮಾತ್ರ ಶಾಲೆಯಲ್ಲಿ ಉಳಿದಿರುತ್ತಾನೆ. ವರ್ಷದ ಮಟ್ಟಿಗೆ ಗೌರವಧನದ ಮೇಲೆ ಬರುವ ಅತಿಥಿ ಶಿಕ್ಷಕರ ನಿರ್ಗಮನವಂತೂ ವರ್ಗಾವಣೆಯ ಲೆಕ್ಕದೊಳಗೆ ಬರುವುದೇ ಇಲ್ಲ.

ಹಾಗಾದರೆ ಬೆಂಬಲ ನೀಡಬೇಕಾದ ನಾಯಕರು ಯಾರು? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ 1ರಿಂದ 5ನೆಯ ತರಗತಿಗಳಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಪ್ರತ್ಯೇಕ ಮುಖ್ಯೋಪಾಧ್ಯಾಯರು 150ಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ಮಾತ್ರ. ಹೀಗಾಗಿ ಹಳ್ಳಿಯ ಸಣ್ಣ ಶಾಲೆಗಳಲ್ಲಿ ನಾಯಕತ್ವವು ಪಾಠ ಮಾಡುವ ಶಿಕ್ಷಕರ ಹೆಚ್ಚುವರಿ ಹೊರೆಯಾಗುತ್ತದೆ. 2002ರಲ್ಲಿ ಆರಂಭವಾದ ಬಿಸಿಯೂಟ, 2013ರ ಕ್ಷೀರಭಾಗ್ಯ ಮೊದಲಾದ ಅಗತ್ಯ ಯೋಜನೆಗಳ ಲೆಕ್ಕಪತ್ರಗಳೂ ಅವರ ಮೇಲೆಯೇ ಬೀಳುತ್ತವೆ. ಹೊಸಬರಿಗೆ ಪಾಠಕ್ರಮ ತಿಳಿಸುವುದು, ಕೆಲಸವನ್ನು ನ್ಯಾಯವಾಗಿ ಹಂಚುವುದು, ಶಾಲಾಭಿವೃದ್ಧಿ ಸಮಿತಿಯಲ್ಲಿ ದೂರು ಬಂದಾಗ ಸಹೋದ್ಯೋಗಿಯ ಮಾತನ್ನೂ ಕೇಳುವುದು ಇವುಗಳಿಗೆ ಬೇಕಾದ ಬಿಡುವನ್ನು ವ್ಯವಸ್ಥೆಯೇ ಕಸಿದುಕೊಂಡಿದೆ.

ನಿರ್ಧಾರಗಳಲ್ಲಿ ಪಾಲು ನೀಡುವುದು ಇಲ್ಲಿಯೂ ಸಾಧ್ಯವೆಂಬುದಕ್ಕೆ ನಿದರ್ಶನವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪ್ರಯೋಗದಲ್ಲಿ ಶಿಕ್ಷಕರು ರಿಷಿವ್ಯಾಲಿಯ ಮಾದರಿಯನ್ನು ಕಂಡು, ಕಲಿಕಾ ಸಾಮಗ್ರಿಯ ರಚನೆಯಲ್ಲಿ ತಾವೇ ತೊಡಗಿದರು. ಮುಂದೆ ಅದು ರಾಜ್ಯದಾದ್ಯಂತ ವಿಸ್ತರಿಸಿದಾಗ ಬಹುಪಾಲು ಶಿಕ್ಷಕರಿಗೆ ಸಿದ್ಧ ಕ್ರಮವಾಗಿ ತಲುಪಿತು. ಒಂದೇ ಪದ್ಧತಿ ಮೊದಲಲ್ಲಿ ಶಿಕ್ಷಕರ ಸ್ವಂತ ಕೃತಿ, ಅನಂತರ ಪಾಲಿಸಬೇಕಾದ ಆದೇಶ; ಕಾರ್ಯವಾತಾವರಣದ ಅಂತರವನ್ನು ಇಲ್ಲಿ ಗುರುತಿಸಬಹುದು.

ಒಟ್ಟಿನಲ್ಲಿ, ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಹೊರಟರೆ ಅರ್ಧ ಶಾಲೆಯೇ ಹೊರಟಂತೆ. ಇಂತಹ ಶಾಲೆಗಳಲ್ಲಿ ಹೆಚ್ಚಿನವು ಕನ್ನಡ ಮಾಧ್ಯಮದವು. ಆದ್ದರಿಂದ ಕನ್ನಡ ಶಾಲೆಗಳ ಉಳಿವನ್ನು ಕುರಿತ ಚಿಂತನೆಯು ಮಾಧ್ಯಮದ ಪ್ರಶ್ನೆಯೊಡನೆ ಮುಖ್ಯೋಪಾಧ್ಯಾಯರ ಹುದ್ದೆ, ತರಬೇತಿ ಮತ್ತು ಬಿಡುವಿನ ಪ್ರಶ್ನೆಗಳನ್ನೂ ಒಳಗೊಳ್ಳಬೇಕಾಗಿದೆ.