ಎದ್ದು ನಿಂತಾಗ ಏನು ಹೇಳುತ್ತೀರಿ?

ಪದವಿ ಕಾಲೇಜು ಶುರುವಾಗಿ ಕೆಲವು ವಾರ ಕಳೆದರೆ ಸಾಕು, ನೋಟಿಸ್ ಬೋರ್ಡಿನ ಮೇಲೆ ಚೀಟಿಗಳು ಬೀಳುತ್ತವೆ. ಎನ್‌ಎಸ್‌ಎಸ್ ಘಟಕಕ್ಕೆ ಸೇರುವವರು ಹೆಸರು ಕೊಡಿ, ಎನ್‌ಸಿಸಿ ಆಯ್ಕೆ ಶನಿವಾರ, ಯುವ ರೆಡ್ ಕ್ರಾಸ್, ರೋವರ್ಸ್–ರೇಂಜರ್ಸ್, ಕನ್ನಡ ಸಂಘ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಾವ ಕಾಲೇಜಿಗೆ ಹೋದರೂ ಮೊದಲ ಸಭೆಯ ಕ್ರಮ ಒಂದೇ. ಒಬ್ಬೊಬ್ಬರಾಗಿ ಎದ್ದು ಹೆಸರು, ಊರು, ತರಗತಿ ಹೇಳಬೇಕು. ಆಮೇಲೆ ಯಾಕೆ ಸೇರುತ್ತಿದ್ದೀರಿ ಅನ್ನುವುದನ್ನೂ ಹೇಳಬೇಕು. ಮೊದಲನೆಯವರು "ಸಮಾಜ ಸೇವೆ ಮಾಡಬೇಕು ಅಂತ ಆಸೆ ಸಾರ್" ಅಂದರೆ ಮುಗಿಯಿತು, ಕೊನೆ ಬೆಂಚಿನವರೆಗೂ ಅದೇ ಮಾತು. ಇಂಥ ಸಭೆಗಳಲ್ಲಿ ಕೂತು ಕೇಳಿದ್ದೇನೆ. ಎದ್ದು ನಿಲ್ಲುವ ಹುಡುಗ ಹುಡುಗಿಯರಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ಆಡುವ ಮಾತು ಮಾತ್ರ ಎಲ್ಲರದೂ ಒಂದೇ ಆಗಿಬಿಡುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಬಾಯಿಂದ ನಿಮ್ಮದೇ ಮಾತು ಬರಲಿ ಅಂತ ಈ ಸೂತ್ರಗಳು.

1. ಊರಿನ ಹೆಸರನ್ನು ಪೂರ್ತಿ ಹೇಳಿ.

"ಬೆಂಗಳೂರು" ಅಂದು ಕೂತುಬಿಡಬೇಡಿ. ಬೆಂಗಳೂರು ಗ್ರಾಮಾಂತರ ಪ್ರತ್ಯೇಕ ಜಿಲ್ಲೆಯಾಗಿದ್ದು 1986ರಲ್ಲಿ. ನಮ್ಮ ಮಕ್ಕಳು ಇವತ್ತಿಗೂ ಹಳ್ಳಿಯ ಹೆಸರು ಹೇಳಲು ಸಂಕೋಚಪಡುತ್ತಾರೆ. ಊರು, ಹೋಬಳಿ, ಎರಡನ್ನೂ ಹೇಳಿ. "ನಾನು ನಲ್ಲೂರಿನವಳು, ಹುಣಸೆ ತೋಪು ಇದೆಯಲ್ಲ ಸಾರ್, ಅದೇ ನಲ್ಲೂರು" ಅಂದ ಕೂಡಲೇ ಇಡೀ ಕೋಣೆಗೆ ನಿಮ್ಮ ಗುರುತು ಸಿಕ್ಕುತ್ತದೆ. ದೇವನಹಳ್ಳಿ ತಾಲ್ಲೂಕಿನ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು ಅನ್ನುವುದು ಪಕ್ಕದ ಬೆಂಚಿನವರಿಗೆ ಗೊತ್ತಿರಲಿಕ್ಕಿಲ್ಲ. ಊರಿನ ಹೆಸರಿನಿಂದ ಇನ್ನೊಂದು ಉಪಯೋಗವಿದೆ. ಯಾವ ಬಸ್ಸಿಗೆ ಬರುತ್ತೀರಿ, ಅಲ್ಲಿ ಕೆರೆ ಇದೆಯೇ, ಶಿಬಿರ ಮಾಡಲು ಶಾಲೆ ಇದೆಯೇ ಎಂದು ಘಟಕ ನಡೆಸುವ ಕಾರ್ಯಕ್ರಮಾಧಿಕಾರಿ ಆಗಲೇ ಲೆಕ್ಕ ಹಾಕುತ್ತಿರುತ್ತಾರೆ.

2. ಚಿಕ್ಕದಾದರೂ ಸರಿ, ನಿಜವಾದ ಕಾರಣ ಕೊಡಿ.

ಇಡೀ ಪರಿಚಯದ ಜೀವ ಇಲ್ಲಿದೆ. ನಿಮ್ಮನ್ನು ಈ ಕೋಣೆಗೆ ಕರೆತಂದ ಸಂಗತಿ ಯಾವುದು ಅಂತ ಹಿಂದಿನ ರಾತ್ರಿ ಒಂದು ಗಳಿಗೆ ಕೂತು ಯೋಚಿಸಿ. ಖಂಡಿತ ಇರುತ್ತದೆ.

ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯವರಾದರೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾರ್ಖಾನೆಗಳ ನೀರು, ದೊಡ್ಡಬಳ್ಳಾಪುರದ ಕೊಳಚೆ ಎರಡೂ ಸೇರಿ ಆ ಊರುಗಳ ಕೆರೆಗಳು ಕೆಟ್ಟಿವೆ. ಸುತ್ತಲ ಹಳ್ಳಿಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. "ನಮ್ಮಜ್ಜಿ ಬಟ್ಟೆ ಒಗೆಯುತ್ತಿದ್ದ ಕೆರೆಗೆ ಈಗ ನಾವು ಕೈ ಹಾಕಲ್ಲ. ಕೆರೆ ನೀರನ್ನ ಪರೀಕ್ಷೆಗೆ ಕಳಿಸೋದು ಹೇಗೆ ಅಂತ ಕಲೀಬೇಕು" ಎಂದು ಬಿ.ಎಸ್ಸಿ. ಹುಡುಗನೊಬ್ಬ ಹೇಳಿದರೆ ಆ ವರ್ಷದ ಘಟಕಕ್ಕೆ ಅಲ್ಲೇ ಒಂದು ಕೆಲಸ ಹುಟ್ಟಿತು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರಾದರೆ ನಿಮ್ಮ ಮನೆಯಲ್ಲೇ ದೊಡ್ಡ ಪಾಠ ನಡೆದಿದೆ. 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನದ ವಿರುದ್ಧ ರೈತರು 2022ರಿಂದ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಪಿಯುಸಿ ಓದುತ್ತಾ ಧರಣಿಯ ಚಪ್ಪರಕ್ಕೆ ಊಟ ಹೊತ್ತವರು ಈಗ ಪದವಿ ತರಗತಿಯಲ್ಲಿದ್ದಾರೆ. ಹತ್ತು ಜನ ಒಟ್ಟಿಗೆ ಕೂತರೆ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡವರು ಸಂಘ ಸೇರಲು ಬೇರೆ ಕಾರಣ ಯಾಕೆ ಹುಡುಕಬೇಕು? ಅದನ್ನೇ ಹೇಳಿ. ಪಕ್ಷ, ನಾಯಕರ ವಿಷಯ ಎತ್ತಬೇಕಾಗಿಲ್ಲ.

ನೆಲಮಂಗಲದಲ್ಲಿ ತುಮಕೂರಿನ ಹೆದ್ದಾರಿ, ಹಾಸನದ ಹೆದ್ದಾರಿ ಕವಲೊಡೆಯುತ್ತವೆ. ಅಲ್ಲಿ ಅಪಘಾತವಾದಾಗ ಸುತ್ತ ಗುಂಪು ಸೇರಿಯೂ ಯಾರಿಗೂ ಏನು ಮಾಡಬೇಕೆಂದು ತಿಳಿಯದೆ ನಿಂತದ್ದನ್ನು ನೋಡಿದ್ದೀರಾ? ಯುವ ರೆಡ್ ಕ್ರಾಸ್ ಸೇರಲು ಅಷ್ಟು ಸಾಕು.

ಇಂಥ ದೊಡ್ಡ ಸಂಗತಿ ನಿಮ್ಮ ಬದುಕಿನಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. "ನನಗೆ ಈ ಕಾಲೇಜಿನಲ್ಲಿ ಯಾರೂ ಸ್ನೇಹಿತರಿಲ್ಲ, ಅದಕ್ಕೇ ಬಂದೆ" ಅನ್ನುವುದು ಬಹಳ ಗೌರವದ ಕಾರಣ. "ಸರ್ಟಿಫಿಕೇಟ್ ಬೇಕು" ಅನ್ನುವುದೂ ತಪ್ಪಲ್ಲ. ಎನ್‌ಸಿಸಿಯ 'ಸಿ' ಪ್ರಮಾಣಪತ್ರ ಇದ್ದವರು, ಪದವಿಯ ಅಂಕ ಮತ್ತಿತರ ಅರ್ಹತೆಗಳೂ ಇದ್ದರೆ, ಸೇನಾಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗುವ ದಾರಿ ಇದೆ. ಕೂಲಿ ಮಾಡುವ ಮನೆಯ ಹುಡುಗಿ ಆ ದಾರಿ ನೋಡಿ ಬಂದಿದ್ದರೆ ಅದನ್ನು ತಲೆ ಎತ್ತಿ ಹೇಳಬೇಕು. ಕೇಳುವವರು ಅದನ್ನು ಸಣ್ಣದಾಗಿ ಕಂಡರೆ ಅದು ಅವರ ಕೊರತೆ.

3. ಯಾವುದಕ್ಕೆ ಸೇರುತ್ತಿದ್ದೀರಿ ಅಂತ ಮೊದಲೇ ತಿಳಿದುಕೊಳ್ಳಿ.

ಎನ್‌ಎಸ್‌ಎಸ್ ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ. ಚಾಲನೆ ಕೊಟ್ಟ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್ ಆಗ ನಮ್ಮ ಬಳ್ಳಾರಿಯ ಸಂಸದರು. ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಬೇಕು, ಏಳು ದಿನದ ವಿಶೇಷ ಶಿಬಿರಕ್ಕೆ ಹೋಗಬೇಕು. ಬ್ಯಾಡ್ಜಿನ ಮೇಲಿರುವುದು ಕೋನಾರ್ಕ್ ದೇಗುಲದ ರಥಚಕ್ರ.

ಎನ್‌ಸಿಸಿ 1948ರದು, ಕವಾಯತು, ಶಿಸ್ತು, ಬೆಳಗಿನ ಮೈದಾನ. ಏಳಲಾರದವರು ಅಲ್ಲಿ ಉಳಿಯುವುದಿಲ್ಲ. ರೋವರ್ಸ್–ರೇಂಜರ್ಸ್, ಅಂದರೆ ಸ್ಕೌಟ್ಸ್ ಮತ್ತು ಗೈಡ್ಸ್‌ನವರ ತರಬೇತಿಗೆ ದೊಡ್ಡಬಳ್ಳಾಪುರದಲ್ಲೇ ಆನಿಬೆಸೆಂಟ್ ಪಾರ್ಕ್ ಇದೆ. ಕನ್ನಡ ಸಂಘ ಅಂದರೆ ನವೆಂಬರಿನ ಒಂದು ಕಾರ್ಯಕ್ರಮ ಅಂತ ತಿಳಿಯಬೇಡಿ; ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘದಿಂದಲೇ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರಟಿತು, ಒಂದು ತಲೆಮಾರಿನ ಲೇಖಕರು ಅಲ್ಲಿ ಬೆಳೆದರು. ಒಂದು ಕಾಲೇಜು ಸಂಘ ಅಷ್ಟು ದೂರ ಹೋಗಬಲ್ಲದು.

4. ಕನ್ನಡದಲ್ಲಿ ಹೇಳಿ.

"ಮೈಸೆಲ್ಫ್ ಮಂಜುನಾಥ" ಎಂದು ಶುರುಮಾಡಿ ಎರಡನೇ ವಾಕ್ಯಕ್ಕೆ ಬೆವರುವುದು ಬೇಡ. ಹೊಸಕೋಟೆ, ದೇವನಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಬೀದಿಗೆ ಬಂದರೆ ಎಲ್ಲರದೂ ಕನ್ನಡ. ನಾಳೆ ಹಳ್ಳಿಯಲ್ಲಿ ಕೆಲಸ ಮಾಡುವ ಭಾಷೆಯೂ ಅದೇ. ಇಂಗ್ಲಿಷ್ ಕಲಿಯಬೇಕು ಅನ್ನುವುದೇ ಸೇರಲು ಕಾರಣವಾಗಿದ್ದರೆ ಅದನ್ನೂ ಕನ್ನಡದಲ್ಲಿ ಹೇಳಿ.

5. ನಿಮಗೆ ಏನು ಬರುತ್ತದೆ, ಅದನ್ನು ಬಿಡಬೇಡಿ.

ಬಹುತೇಕ ಎಲ್ಲರೂ ಬಿಡುವುದು ಇದನ್ನೇ. ಹಾಡು, ಭಾಷಣ ಮಾತ್ರ ಪ್ರತಿಭೆ ಅಂತ ತಿಳಿದು "ನನಗೇನೂ ಬರಲ್ಲ ಮೇಡಂ" ಅಂದು ಕೂರುತ್ತಾರೆ. ಮನೆಯಲ್ಲಿ ಎರಡು ಮಗ್ಗ ಇರುವ ದೊಡ್ಡಬಳ್ಳಾಪುರದ ಹುಡುಗಿ ಶಾಲೆಯಿಂದ ಬಂದು ಕಂಡಿಕೆ ಸುತ್ತಿ ಬೆಳೆದಿರುತ್ತಾಳೆ. ಕಡಿದ ಎಳೆಯನ್ನು ಗಂಟು ಕಾಣದಂತೆ ಜೋಡಿಸುತ್ತಾಳೆ. ಅವಳ ಬೆರಳಿನ ಆ ನಿಧಾನ, ಆ ನಿಗಾ ಪ್ರಥಮ ಚಿಕಿತ್ಸೆಯ ಪಟ್ಟಿ ಕಟ್ಟುವಾಗ ಕೆಲಸಕ್ಕೆ ಬರುತ್ತದೆ. ಐವತ್ತು ಜನರ ಶಿಬಿರದಲ್ಲಿ ಮುದ್ದೆ ತೊಳಸಲು ಬರುವ ಹುಡುಗನಿಗೆ ಸಿಕ್ಕುವ ಮರ್ಯಾದೆ ನೋಡಬೇಕು! ದೊಡ್ಡ ಪಾತ್ರೆ, ಕಾಲಿನಲ್ಲಿ ಒತ್ತಿ ಹಿಡಿದ ಕವೆಗೋಲು, ಕೈಯಲ್ಲಿ ಮುದ್ದೆ ಕೋಲು, ಗಂಟು ಒಡೆಯುವ ತನಕ ಬಿಡದ ತೋಳು. ಪಂಕ್ಚರ್ ಹಾಕುವುದು, ತಮಟೆ ಬಾರಿಸುವುದು, ಪಂಚಾಯ್ತಿಗೆ ಅರ್ಜಿ ಬರೆಯುವುದು, ಮೋಟಾರು ರಿಪೇರಿ, ಚಿಕ್ಕ ಮಕ್ಕಳನ್ನು ಹಿಡಿದು ಕೂರಿಸುವುದು, ಎಲ್ಲವೂ ಪಟ್ಟಿಯಲ್ಲಿ ಬರಲಿ.

ಬಡತನದ ಮಾತು ಬಂದರೆ ಮುಚ್ಚಿಡಬೇಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ 1935ರಲ್ಲಿ ಪ್ರಯಾಣಕ್ಕೆ ಕಾಸಿಲ್ಲದೆ ಬೆಂಗಳೂರಿಗೆ ನಡೆದು ಬಂದು ನ್ಯಾಷನಲ್ ಹೈಸ್ಕೂಲು ಸೇರಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಆ ನಡಿಗೆಯನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು, ಆತ್ಮಕಥೆಯಲ್ಲಿ ಬರೆದರು.

6. ಏನು ಆಗುವುದಿಲ್ಲ ಅನ್ನುವುದನ್ನೂ ಅವತ್ತೇ ಹೇಳಿ.

"ಐದು ಗಂಟೆ ಬಸ್ಸು ತಪ್ಪಿದರೆ ನಮ್ಮೂರಿಗೆ ಬೇರೆ ಬಸ್ಸಿಲ್ಲ." "ಭಾನುವಾರ ಅಪ್ಪನ ಜೊತೆ ಹೂವಿನ ಮಾರ್ಕೆಟ್ಟಿಗೆ ಹೋಗಬೇಕು." "ರಾತ್ರಿ ಶಿಬಿರಕ್ಕೆ ಮನೆಯಲ್ಲಿ ಒಪ್ಪಲ್ಲ, ಅಮ್ಮನ ಹತ್ತಿರ ನೀವೊಂದು ಮಾತಾಡಿ ಮೇಡಂ." ಇಂಥ ಮಾತು ಮೊದಲ ದಿನವೇ ಬಂದರೆ ವ್ಯವಸ್ಥೆ ಮಾಡಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿದೆ. ಕೊನೆ ಬಸ್ಸಿನ ಸಮಯ ಬದಲಾಗಿಲ್ಲ.

ರಕ್ತದಾನಕ್ಕೆ ಹೆಸರು ಕೊಡುವ ಉತ್ಸಾಹದಲ್ಲಿ ಆರೋಗ್ಯ ಮರೆಯಬೇಡಿ. 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಸಾಲದಿದ್ದರೆ ನೋಂದಣಿ ಮೇಜಿನ ಹಿಂದೆ ಕೂತು ಹೆಸರು ಬರೆದುಕೊಳ್ಳಿ, ಅದೂ ಅಷ್ಟೇ ಬೇಕಾದ ಕೆಲಸ.

7. "ನೀವು ಯಾರ ಪೈಕಿ?" ಎಂದು ಕೇಳಿದರೆ ಉತ್ತರ ಕೊಡಬೇಕಾಗಿಲ್ಲ.

ನಮ್ಮ ಕಡೆ ಹೆಸರು ಕೇಳಿದ ಮೇಲೆ ಈ ಪ್ರಶ್ನೆ ಹಿಂದೆಯೇ ಬರುತ್ತದೆ. ಕೆಲವರು "ಅಪ್ಪನ ಹೆಸರೇನು?" ಅಂತ ಸುತ್ತಿ ಬಳಸಿ ಕೇಳುತ್ತಾರೆ. "ನಾನು ಬಿ.ಕಾಂ. ಮೊದಲನೇ ವರ್ಷದ ಪೈಕಿ" ಎಂದು ನಗುತ್ತಾ ಹೇಳಿ ಮುಂದೆ ಹೋಗಿ. ಸಭೆ ನಡೆಸುವ ಅಧ್ಯಾಪಕರಲ್ಲೂ ನನ್ನ ವಿನಂತಿ ಇದೆ: ಶಿಬಿರದ ತಂಡಗಳನ್ನು ಮಾಡುವಾಗ ಒಂದೇ ಊರಿನ, ಒಂದೇ ಬೀದಿಯ ಮಕ್ಕಳನ್ನು ಒಟ್ಟಿಗೆ ಹಾಕಬೇಡಿ. ಅಡುಗೆಗೆ ಒಂದು ಜಾತಿಯವರು, ಚರಂಡಿಗೆ ಇನ್ನೊಂದು ಜಾತಿಯವರು ಎಂದು ತಂತಾನೇ ಆಗಿಹೋಗುವುದನ್ನು ತಡೆಯುವುದು ನಿಮ್ಮ ಕೈಯಲ್ಲಿದೆ. ಪಾಳಿ ಬರೆದು ಗೋಡೆಗೆ ಅಂಟಿಸಿ. ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಸಾರು ಉಂಡ ಏಳು ದಿನ ಆ ಮಕ್ಕಳ ಜೊತೆ ಬಹಳ ದೂರ ಹೋಗುತ್ತದೆ.

8. ಬಲವಂತದ ಪರಿಚಯಕ್ಕೆ ಬಗ್ಗಬೇಡಿ.

ಹಾಸ್ಟೆಲಿನಲ್ಲಿ ರಾತ್ರಿ ಸೀನಿಯರುಗಳು ಸಾಲಾಗಿ ನಿಲ್ಲಿಸಿ "ಇಂಟ್ರೋ ಕೊಡೋ" ಅನ್ನುವುದು ಪರಿಚಯವಾಗುವುದಿಲ್ಲ. ಅವಮಾನ ಮಾಡಿ, ಹೆದರಿಸಿ ಹೇಳಿಸುವುದು ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಾವಳಿಯಲ್ಲಿ ಅದಕ್ಕೆ ಅಮಾನತಿನಿಂದ ಹಿಡಿದು ಕಾಲೇಜಿನಿಂದ ಹೊರಹಾಕುವವರೆಗೆ ಶಿಕ್ಷೆ ಇದೆ. ಸಹಾಯವಾಣಿ 1800-180-5522, ದಿನದ 24 ಗಂಟೆಯೂ. ನಂಬರನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ.

ಮುಂದೆ ಅಮೆರಿಕಕ್ಕೆ ಓದಲು ಹೋಗುವವರಿಗೂ ಇದು ನೆನಪಿರಲಿ. ಅಲ್ಲಿ ಗ್ರೀಕ್ ಅಕ್ಷರದ ಹೆಸರಿನ ವಿದ್ಯಾರ್ಥಿ ಕೂಟಗಳಿವೆ. ಇಂಥ ಕೂಟಗಳಿಗೆ ಸೇರಿಸಿಕೊಳ್ಳುವ ನೆಪದಲ್ಲಿ ಹೊಸಬರಿಗೆ ಬಲವಂತವಾಗಿ ಕುಡಿಸಿ ಜೀವ ಹೋದ ಪ್ರಕರಣಗಳಾಗಿವೆ, ಅಲ್ಲಿನ ಬಹಳಷ್ಟು ರಾಜ್ಯಗಳು ಅದರ ವಿರುದ್ಧ ಕಾನೂನು ಮಾಡಿವೆ. ಸೇರಿಸಿಕೊಳ್ಳಲು ನೋವು ಕೊಡುವ ಕೂಟ ಯಾವ ದೇಶದಲ್ಲಿದ್ದರೂ ಎದ್ದು ಬನ್ನಿ.

9. ಎರಡೇ ನಿಮಿಷ.

ಹೆಸರು, ಊರು, ಕಾರಣ, ಬರುವ ಕೆಲಸ. ಕೈಯಲ್ಲಿ ಚೀಟಿ ಇದ್ದರೂ ತಪ್ಪಿಲ್ಲ. ನಡುಗಿದರೆ ನಡುಗಲಿ, ನೀರು ಕುಡಿದು ಮುಂದುವರಿಸಿ. ಬೇರೆಯವರು ಹೇಳುವಾಗ ಫೋನು ನೋಡಬೇಡಿ. ನಿಮ್ಮಂತೆಯೇ ಕಾರಣ ಇರುವ ಇನ್ನೊಬ್ಬರು ಅದೇ ಕೋಣೆಯಲ್ಲಿ ಸಿಕ್ಕುತ್ತಾರೆ. ಸಭೆ ಮುಗಿದ ಕೂಡಲೇ ಹೋಗಿ ಮಾತಾಡಿಸಿ.

10. ಹಳ್ಳಿಯಲ್ಲಿ ಇನ್ನೊಮ್ಮೆ ಪರಿಚಯ ಮಾಡಿಕೊಳ್ಳಬೇಕು.

ಇದಕ್ಕೆ ಯಾರೂ ತಯಾರಿ ಮಾಡುವುದಿಲ್ಲ. ಶಿಬಿರದ ಊರಿನ ಅರಳಿಕಟ್ಟೆಯ ಮೇಲೆ ಕೂತ ಹಿರಿಯರು "ಯಾರ್ ಮಕ್ಳಪ್ಪಾ ನೀವು, ಏನಕ್ಕೆ ಬಂದಿದ್ದೀರಿ?" ಎಂದು ಕೇಳೇ ಕೇಳುತ್ತಾರೆ. "ಜಾಗೃತಿ ಮೂಡಿಸೋಕೆ ಬಂದಿದ್ದೀವಿ ತಾತ" ಅಂದರೆ ಅವರು ಮುಖ ತಿರುಗಿಸುವುದು ನ್ಯಾಯವೇ. ಊರಿಗೆ ತಿಳಿವಳಿಕೆ ಇಲ್ಲ ಅಂದ ಹಾಗಾಯಿತಲ್ಲ. ಕಾಲೇಜಿನ ಹೆಸರು ಹೇಳಿ, ಎಷ್ಟು ದಿನ ಇರುತ್ತೀರಿ ಹೇಳಿ, ಯಾವ ಕೆಲಸ ಮಾಡಬೇಕೆಂದಿದ್ದೀರಿ ಹೇಳಿ, ಅದಕ್ಕೂ ಮುಂಚೆ ಆಗಬೇಕಾದದ್ದು ಬೇರೆ ಏನಾದರೂ ಇದೆಯಾ ಎಂದು ಕೇಳಿ. ಅವರು ತೋರಿಸುವ ಕೆಲಸ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಪಟ್ಟಿಯನ್ನೇ ತಿದ್ದಿ.

ಮೊದಲ ಸಂಜೆಯೇ ಮೂವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ: ಅಂಗನವಾಡಿ ಟೀಚರು, ಆಶಾ ಅಕ್ಕ, ನೀರಗಂಟಿ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಯಾವ ಬೀದಿಗೆ ನೀರು ಹತ್ತುವುದಿಲ್ಲ ಎನ್ನುವುದು ಈ ಮೂವರಿಗೂ ಬಾಯಿಪಾಠ. ನೀರಗಂಟಿಯ ಹತ್ತಿರ ಬೆಳಿಗ್ಗೆ ಎಷ್ಟು ಗಂಟೆಗೆ ನೀರು ಬಿಡುತ್ತಾರೆ ಎಂದು ಕೇಳಿಕೊಂಡು ಬನ್ನಿ. ಐವತ್ತು ಜನರ ಸ್ನಾನ, ತಿಂಡಿ, ಶ್ರಮದಾನದ ಹೊತ್ತು ಎಲ್ಲವನ್ನೂ ಅದಕ್ಕೆ ಹೊಂದಿಸಿ ಬರೆಯಬೇಕಾಗುತ್ತದೆ.