ವೈಗೋಟ್‌ಸ್ಕಿ: ಕಲಿಕೆಯ ಹಿಂದಿರುವ ಸಮಾಜ (ಟಿಇಟಿ ಟಿಪ್ಪಣಿ)

ಲೆವ್ ವೈಗೋಟ್‌ಸ್ಕಿ (1896–1934) ಸೋವಿಯತ್ ಮನೋವಿಜ್ಞಾನಿ. ಕ್ಷಯರೋಗದಿಂದ 37ನೇ ವಯಸ್ಸಿಗೇ ತೀರಿಕೊಂಡರು. ಅವರ ಸಾಮಾಜಿಕ-ಸಾಂಸ್ಕೃತಿಕ ಸಿದ್ಧಾಂತದ ತಿರುಳು ಇಷ್ಟು: ಯಾವುದೇ ಉನ್ನತ ಮಾನಸಿಕ ಸಾಮರ್ಥ್ಯ ಮೊದಲು ಜನರ ನಡುವೆ, ಆಮೇಲೆ ಮಗುವಿನೊಳಗೆ ಕಾಣಿಸಿಕೊಳ್ಳುತ್ತದೆ. ಭಾಷೆ, ಅಂಕಿ, ನಕ್ಷೆಗಳೆಲ್ಲ ಸಂಸ್ಕೃತಿ ಕೊಟ್ಟ ಸಲಕರಣೆಗಳು.

ಸಂತೆಯಲ್ಲಿ ಅಮ್ಮನ ಪಕ್ಕ ಕೂತು ಸೊಪ್ಪು ಮಾರುವ ಹುಡುಗಿಯನ್ನು ನೋಡಿ. 35 ರೂಪಾಯಿ ವ್ಯಾಪಾರಕ್ಕೆ ನೂರರ ನೋಟು ಕೊಟ್ಟರೆ ಬಾಯಲ್ಲೇ ಲೆಕ್ಕ ಹಾಕಿ 65 ಎಣಿಸಿಕೊಡುತ್ತಾಳೆ. ಅದೇ ಲೆಕ್ಕ ಕಪ್ಪುಹಲಗೆಯ ಮೇಲೆ ಬಂದರೆ ತಡವರಿಸಬಹುದು. ಅವಳನ್ನು ದಡ್ಡಿ ಎನ್ನುವ ಶಿಕ್ಷಕರು ಸಂತೆಗೆ ಹೋಗಿಲ್ಲ ಅಷ್ಟೇ.

ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಹೆಚ್ಚು ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವೇ 'ಸಮೀಪಸ್ಥ ವಿಕಾಸ ವಲಯ'. ನೆರವಾಗುವವರು ಶಿಕ್ಷಕರೇ ಆಗಬೇಕಿಲ್ಲ; ಅಕ್ಕ, ಅಜ್ಜಿ, ಪಕ್ಕದ ಬೆಂಚಿನ ಗೆಳೆಯ, ಯಾರಾದರೂ ಆಗಬಹುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಬೋಧನಾ ಪದ್ಧತಿಯಲ್ಲಿ ಮಕ್ಕಳು ಶಿಕ್ಷಕರ ನೆರವಿನ ಗುಂಪಿನಿಂದ ಸಹಪಾಠಿ ನೆರವಿಗೆ, ಅಲ್ಲಿಂದ ಸ್ವಕಲಿಕೆಗೆ ಸಾಗುವ ಕ್ರಮವನ್ನು ಇದರೊಂದಿಗೆ ಹೋಲಿಸಿ ಓದಿಕೊಳ್ಳಿ.

ಮಗು ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು ಮನೋವಿಜ್ಞಾನಿ ಪಿಯಾಜೆಗೆ 'ಅಹಂಕೇಂದ್ರಿತ ಮಾತು', ಕ್ರಮೇಣ ಮರೆಯಾಗುವಂಥದ್ದು. ವೈಗೋಟ್‌ಸ್ಕಿಗೆ ಅದು ಆಲೋಚನೆಯ ಸಲಕರಣೆ; ಮುಂದೆ ಒಳಮಾತಾಗುತ್ತದೆ.

ಪರೀಕ್ಷೆಯಲ್ಲಿ ಎಡವುವ ಜಾಗ ಒಂದಿದೆ. ಹಂತಹಂತವಾಗಿ ನೆರವು ಕೊಟ್ಟು ಹಿಂತೆಗೆಯುವ 'ಸ್ಕ್ಯಾಫೋಲ್ಡಿಂಗ್' ಪದ ವೈಗೋಟ್‌ಸ್ಕಿಯದಲ್ಲ. 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಅದನ್ನು ಬಳಸಿದರು.