ಪಂಪಿಗಿಂತ ಮೊದಲು ಕೇಳಬೇಕಾದದ್ದು

ತಂಗೀ, ನೀ ಕೇಳಿದ್ದಕ್ಕೆ ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಎದೆಹಾಲು ತೆಗೆಯುವ ಪಂಪಿಗೆ ಆರೋಗ್ಯ ವಿಮೆಯ ದುಡ್ಡು ಬರುತ್ತದೆಂದು ನಂಬಿ ಕೂಡಬೇಡ. ನಾವು ನಾವೇ ಕೊಳ್ಳುವ ಸಾಮಾನ್ಯ ಪಾಲಿಸಿಗಳಲ್ಲಿ ಹೆರಿಗೆಯನ್ನೇ ಹೊರಗಿಟ್ಟಿರುತ್ತಾರೆ. ಸೇರಿಸಿದ್ದರೂ ತಿಂಗಳುಗಟ್ಟಲೆ, ಕೆಲವದರಲ್ಲಿ ವರ್ಷಗಟ್ಟಲೆ ಕಾಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ಒಂದು ಪಟ್ಟಿ ಇದೆ. ಮಗುವಿನ ಆಹಾರ, ಮಗುವಿನ ಬಳಕೆಯ ಸಾಮಾನು, ಡೈಪರ್, ಥರ್ಮಾಮೀಟರ್ ಎಲ್ಲ ಅದರಲ್ಲಿವೆ. ಪಾಲಿಸಿಯಲ್ಲಿ ಬೇಕೆಂದೇ ಸೇರಿಸದ ಹೊರತು ಅವುಗಳಿಗೆ ಹಣ ಕೊಡುವುದಿಲ್ಲ. ಪಂಪನ್ನೂ ಅದೇ ಸಾಲಿಗೆ ಹಾಕಿ ‘ಇಲ್ಲ’ ಅಂದರೆ ಎದೆ ಒಡೆದುಕೊಳ್ಳಬೇಡ.

ಅಮೆರಿಕದಲ್ಲಿರುವ ನಿನ್ನ ಗೆಳತಿಗೆ ಪುಕ್ಕಟೆ ಬಂತು ಅಂದೆಯಲ್ಲ, ಅದು ನಿಜ. ಅಲ್ಲಿ 2010ರಲ್ಲಿ ಆದ ಕಾನೂನಿನಡಿ, 2012ರ ಆಗಸ್ಟ್‌ನಿಂದ ಹೆಚ್ಚಿನ ವಿಮೆಗಳು ಪಂಪಿನ ಖರ್ಚು ಕೊಡಲೇಬೇಕು. ಅದು ಬಾಡಿಗೆಯದೋ ಹೊಸದೋ, ಕೈಯಿಂದ ಒತ್ತುವುದೋ ಕರೆಂಟಿನದೋ ಎಂಬುದು ಆಯಾ ವಿಮೆಗೆ ಬಿಟ್ಟಿದ್ದು. ಅಲ್ಲಿ ಬಾಣಂತಿಯಾಗುವ ನಮ್ಮ ಹುಡುಗಿಯರು ಬಸಿರಿದ್ದಾಗಲೇ ವಿಮೆಯವರಿಗೆ ಫೋನು ಮಾಡಿ, ಯಾವ ಅಂಗಡಿಯಿಂದ ತರಬೇಕು, ಡಾಕ್ಟರ ಚೀಟಿ ಬೇಕೋ ಎಂದು ಕೇಳಿಕೊಳ್ಳಲಿ. ಆದರೆ ನಿನ್ನ ಗೆಳತಿಗೆ ಕಾನೂನಿನಿಂದ ಪಂಪು ಸಿಕ್ಕಿತು, ಸಂಬಳದ ರಜೆ ಸಿಗಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವಂಥ ಸಂಬಳಸಹಿತ ಹೆರಿಗೆ ರಜೆಯ ಕಾನೂನು ಖಾಸಗಿ ಕೆಲಸದವರಿಗೆ ಅಲ್ಲಿಲ್ಲ. ಕೂಸು ಹುಟ್ಟಿದ ಕೆಲವೇ ವಾರಕ್ಕೆ ಕೆಲಸಕ್ಕೆ ಓಡುವ ತಾಯಂದಿರು ಅಲ್ಲಿ ಬಹಳ. ಅವರಿಗೆ ಪಂಪು ಅಷ್ಟು ಬೇಕಾಗುವುದು ಅದಕ್ಕೇ.

ನಿನ್ನ ಕೈಯಲ್ಲಿರುವುದು ಬೇರೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಬಂತು. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಇದರಲ್ಲಿ ಎಂಟು ವಾರಕ್ಕಿಂತ ಹೆಚ್ಚು ಹೆರಿಗೆಗೆ ಮೊದಲು ತೆಗೆದುಕೊಳ್ಳಲು ಬರುವುದಿಲ್ಲ. ನನ್ನ ಮಾತು ಕೇಳುವುದಾದರೆ, ಮೈ ಒಪ್ಪಿದಷ್ಟು ದಿನ ಕೆಲಸ ಮಾಡಿ ರಜೆಯ ದೊಡ್ಡ ಪಾಲನ್ನು ಕೂಸಿಗಾಗಿ ಉಳಿಸಿಕೋ. ಆರು ತಿಂಗಳು ಎದೆಹಾಲು ಬಿಟ್ಟರೆ ಕೂಸಿಗೆ ಬೇರೇನೂ ಬೇಡ, ನೀರೂ ಬೇಡ. 26 ವಾರ ಅಂದರೂ ಅದೇ ಆರು ತಿಂಗಳು. ರಜೆ ಪೂರ್ತಿ ಸಿಕ್ಕವಳಿಗೆ ಆ ಅವಧಿಯಲ್ಲಿ ಪಂಪಿನ ಕೆಲಸವೇ ಬಹಳ ಕಡಿಮೆ.

ಕೆಲಸಕ್ಕೆ ಮರಳಿದ ಮೇಲೂ ಹಕ್ಕು ಮುಗಿಯುವುದಿಲ್ಲ. ಕೂಸಿಗೆ ಹದಿನೈದು ತಿಂಗಳಾಗುವ ತನಕ, ಊಟದ ಬಿಡುವಿನ ಹೊರತಾಗಿ ದಿನಕ್ಕೆ ಎರಡು ಬಿಡುವು ಹಾಲುಣಿಸಲೆಂದೇ ಕಾನೂನಿನಲ್ಲಿದೆ. 50 ಜನ ಅಥವಾ ಹೆಚ್ಚು ದುಡಿಯುವ ಕಡೆ ಕೂಸಿನ ಮನೆ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿಬರಲು ಬಿಡಬೇಕು. ಮಾಲೀಕರ ಕಡೆಯಿಂದ ಬಸಿರು-ಬಾಣಂತನದ ಉಚಿತ ಆರೈಕೆ ಸಿಗದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಕೂಡ ಕೊಡಬೇಕು. ಈ ಕೊನೆಯದನ್ನು ಕೇಳುವವರೇ ಇಲ್ಲ, ನನಗೆ ಅದೇ ಸಂಕಟ. ವಿಮೆಯವರು ಕೊಡದ ಪಂಪಿನ ದುಡ್ಡು ಇಲ್ಲೇ ಹುಟ್ಟುತ್ತದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಹಕ್ಕುಗಳನ್ನು ಉಳಿಸಿಕೊಂಡಿದೆ.

ನಿಮ್ಮ ಆಫೀಸಿನ ಗುಂಪು ವಿಮೆಯನ್ನೂ ಒಮ್ಮೆ ವಿಚಾರಿಸು, ಬಿಡಬೇಡ. ಆದರೆ ಬಾಯಿಮಾತಲ್ಲಿ ಬೇಡ. ಪಂಪು ಸೇರಿದೆಯೋ ಇಲ್ಲವೋ, ಕೂಸನ್ನು ಐಸಿಯುನಲ್ಲಿ ಇಟ್ಟಾಗ ಡಾಕ್ಟರು ಬರೆದುಕೊಟ್ಟರೆ ಹೇಗೆ, ಹುಟ್ಟಿದ ದಿನದಿಂದಲೇ ಕೂಸಿಗೂ ವಿಮೆ ಇದೆಯೋ, ಇಷ್ಟನ್ನು ಮೇಲ್ ಮಾಡಿ ಕೇಳು. ಪಂಪು ಕೊಂಡಿದ್ದರೆ ನಿನ್ನ ಹೆಸರಿನ ಬಿಲ್ಲು, ಕಾರಣ ಬರೆದ ಡಾಕ್ಟರ ಚೀಟಿ ಎರಡನ್ನೂ ಇಟ್ಟುಕೋ. ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಲಿಖಿತವಾಗಿ ತರಿಸು. ಕಾರಣ ಸರಿಯಿಲ್ಲ ಅನಿಸಿದರೆ ಮೊದಲು ವಿಮಾ ಕಂಪನಿಗೇ ದೂರು ಕೊಡು. ಅವರು ಒಂದು ತಿಂಗಳು ಸುಮ್ಮನೆ ಕೂತರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ.

ಇನ್ನು ನಮ್ಮ ಮೌಳಂಗಿಯ ಹುಡುಗಿಯರ ವಿಷಯ. ಕಾಳಿ ನದಿ ದಂಡೆಯ ರೆಸಾರ್ಟುಗಳಲ್ಲಿ ಅಡುಗೆ, ಹಾಸಿಗೆ, ಕಸಬರಿಗೆ ಅಂತ ದುಡಿಯುವ ಎಷ್ಟೋ ಹೆಣ್ಣುಮಕ್ಕಳಿಗೆ ವಿಮೆ ಅಂದರೇನು ಎಂದೇ ಹೇಳಿದವರಿಲ್ಲ. ಹತ್ತು ಜನರಿಗಿಂತ ಕಡಿಮೆಯಿಲ್ಲದ ಕಡೆ, ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರಬೇಕು. ಸಂಬಳದಿಂದ ಮುರಿಯುವುದು ನೂರಕ್ಕೆ 75 ಪೈಸೆ ಮಾತ್ರ, ಮಾಲೀಕರು ಮೂರೂಕಾಲು ರೂಪಾಯಿ ಕಟ್ಟಬೇಕು. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ 70 ದಿನದ ವಂತಿಗೆ ಬಿದ್ದಿದ್ದರೆ ಅವರಿಗೂ 26 ವಾರ ಪೂರ್ತಿ ಕೂಲಿ ಬರುತ್ತದೆ. ಇಎಸ್‌ಐ ಆಸ್ಪತ್ರೆ ದೂರವೇನಲ್ಲ, ದಾಂಡೇಲಿಯಲ್ಲೇ ಇದೆ, ಪೇಪರ್ ಮಿಲ್ಲಿನವರಿಗಷ್ಟೇ ಅಂತ ತಿಳಿದು ದೂರ ಉಳಿಯಬಾರದು. ಹೊಲದ ಕೂಲಿಗೆ ಹೋಗುವವಳಿಗೆ ಇದೂ ಇಲ್ಲ. ಅಂಥವಳ ಮೊದಲ ಕೂಸಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಇದೆ, ಎರಡನೆಯದು ಹೆಣ್ಣಾದರೆ 6,000. ಅಂಗನವಾಡಿಯಲ್ಲಿ ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ದು ಬರೆಸಬೇಕು.

ನರ್ಸಬಾಯಿಯಾಗಿ ಈ ಊರೂರು ತಿರುಗಿದವಳು ನಾನು. ಹಾಲು ಬರಲು ಪಂಪೇ ಬೇಕೆಂಬ ಮಾತನ್ನು ಒಪ್ಪಲಾರೆ. ಕೈಯಿಂದ ತೆಗೆಯುವುದನ್ನು ಪ್ರತಿ ತಾಯಿಗೂ ಕಲಿಸಬೇಕು. ಸೋಪಿನಿಂದ ಕೈ ತೊಳೆದು, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಎದೆಗೆ ಇಟ್ಟುಕೊಂಡು ಮೆಲ್ಲಗೆ ತೀಡು. ತೊಟ್ಟಿನ ಸುತ್ತಲ ಕಪ್ಪಿನ ಅಂಚಿಗೆ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಟ್ಟು ಮೊದಲು ಎದೆಗೂಡಿನ ಕಡೆ ಒತ್ತು, ಆಮೇಲೆ ಬೆರಳುಗಳನ್ನು ಕೂಡಿಸು, ಬಿಡು. ತೊಟ್ಟನ್ನು ಹಿಡಿದು ಎಳೆಯಬಾರದು, ಚರ್ಮದ ಮೇಲೆ ಬೆರಳು ಜಾರಬಾರದು. ಮೊದಲು ಹನಿ ಬರುತ್ತದೆ, ಆಮೇಲೆ ಚಿಮ್ಮುತ್ತದೆ. ಎರಡೂ ಎದೆಗೆ ಸೇರಿ ಅರ್ಧ ತಾಸು ಹಿಡಿದೀತು, ಅವಸರ ಬೇಡ. ನೋವಾಯಿತೆಂದರೆ ಕ್ರಮ ತಪ್ಪಿದೆ ಅಂತಲೇ ಅರ್ಥ.

ಪಂಪು ನಿಜಕ್ಕೂ ಬೇಕಾಗುವ ಸಂದರ್ಭವಿದೆ. ದಿನ ತುಂಬದ ಕೂಸನ್ನು ಹುಬ್ಬಳ್ಳಿಗೆ ಒಯ್ದಿದ್ದಾರೆ, ಅದಕ್ಕೆ ಚೀಪುವ ಶಕ್ತಿಯಿಲ್ಲ. ಅಂಥ ವೇಳೆ ದಿನಕ್ಕೆ ಎಂಟು ಸಲವಾದರೂ, ರಾತ್ರಿಯೂ ಬಿಡದೆ, ಹಾಲು ತೆಗೆಯುತ್ತಿರಬೇಕು. ತೆಗೆಯದಿದ್ದರೆ ಹಾಲು ಇಳಿದುಹೋಗುತ್ತದೆ. ಅಷ್ಟು ಸಲಕ್ಕೆ ಕೈ ಸೋತೀತು. ಆಗ ಆಸ್ಪತ್ರೆಯ ಪಂಪನ್ನು ಕೇಳಿ ಪಡೆ, ಸಾಧ್ಯವಾದರೆ ನೀನೂ ಕೂಸಿನ ಹತ್ತಿರವೇ ಉಳಿ. ತಾಯಿಗೆ ಹಾಲೇ ಬಾರದಿದ್ದರೆ ಹಾಲಿನ ಬ್ಯಾಂಕುಗಳೂ ಇವೆ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಒಂದು ಶುರುವಾಯಿತು, ಬೆಂಗಳೂರಿನ ವಾಣಿವಿಲಾಸದಲ್ಲೂ ಇದೆ. ಒಬ್ಬರು ಬಳಸಿದ ಮನೆಬಳಕೆಯ ಪಂಪನ್ನು ಮಾತ್ರ ಇಸಿದುಕೊಳ್ಳಬೇಡ, ಅಕ್ಕನದಾದರೂ ಬೇಡ. ಒಳಗೆ ಸೇರಿದ ಹಾಲು ತೊಳೆದರೂ ಹೋಗದು.

ತೆಗೆದ ಹಾಲು ತಂಪು ಕೋಣೆಯಲ್ಲಿ ನಾಲ್ಕು ತಾಸು, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ದಾಂಡೇಲಿಯ ಏಪ್ರಿಲ್ ಬಿಸಿಲಿಗೆ ಆ ನಾಲ್ಕು ತಾಸನ್ನೂ ನಂಬಬೇಡ, ತೆಗೆದ ಕೂಡಲೇ ತಂಪಿಗೆ ಇಡು. ಒಲೆಯ ಮೇಲೆ ಕಾಯಿಸಬಾರದು, ಬಟ್ಟಲನ್ನು ಬೆಚ್ಚನೆಯ ನೀರಲ್ಲಿ ನಿಲ್ಲಿಸಿದರೆ ಸಾಕು. ಬಾಟಲಿಯ ಬದಲು ಚಮಚದಲ್ಲೋ ಒಳಲೆಯಲ್ಲೋ ಕುಡಿಸಲು ನಿನ್ನ ಅವ್ವನಿಗೆ ಈಗಲೇ ರೂಢಿ ಮಾಡಿಸು.

ಆಫೀಸಿಗೆ ಬರೆಯುವ ಪತ್ರವನ್ನು ರಜೆ ಮುಗಿಯಲು ಒಂದು ತಿಂಗಳಿರುವಾಗಲೇ ಕಳಿಸು. ಎರಡು ಬಿಡುವಿನ ಸಮಯವನ್ನು ನೀನೇ ಸೂಚಿಸು. ಬಾಗಿಲು ಹಾಕಿಕೊಳ್ಳಲು ಬರುವ ಒಂದು ಕೋಣೆ ಕೇಳು, ಪಾಯಖಾನೆ ತೋರಿಸಿದರೆ ಒಪ್ಪಬೇಡ. ಫ್ರಿಜ್ಜಿನಲ್ಲಿ ಜಾಗ ಕೇಳು. 3,500 ರೂಪಾಯಿಯ ಮಾತನ್ನೂ ಅದರಲ್ಲೇ ಸೇರಿಸು. ಹಾಗೇ, ಊರಲ್ಲಿರುವಷ್ಟು ದಿನದೊಳಗೆ ರೆಸಾರ್ಟಿಗೆ ಹೋಗುವ ನಿನ್ನ ಓರಗೆಯವಳನ್ನು ಕೂರಿಸಿಕೊಂಡು ಅವಳ ಸಂಬಳದ ಚೀಟಿ ನೋಡು. ಅದರಲ್ಲಿ ಇಎಸ್‌ಐ ನಂಬರು ಇದೆಯೋ ಇಲ್ಲವೋ ಅವಳಿಗೆ ಓದಿ ಹೇಳು. ಅವಳಿಗೆ ಈಗ ಐದನೇ ತಿಂಗಳು.